ತೊಟ್ಟಿಯಲ್ಲಿರುವ ಮೀಸೆಮೀನು ಯಾವುದು?

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಈಗ ನಗರಗಳ ಎಲ್ಲೆಯನ್ನು ದಾಟಿ ಹಳ್ಳಿಗಳಿಗೂ ಬಂದಿದೆ. ಹುಬ್ಬಳ್ಳಿ ಧಾರವಾಡಗಳಿಗೆ ಹೋಗಿ ಬರುವ ನಮ್ಮ ಮೊರಬದ ಹುಡುಗರ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲವೂ ಅದರೊಳಗೆ ಒಂದೆರಡು ಮೀನುಗಳೂ ಇರುವುದು ಇಂದು ಅಪರೂಪದ ನೋಟವಲ್ಲ. ಹವ್ಯಾಸವು ಒಳ್ಳೆಯದೇ. ಆದರೆ ತಂದ ಮೀನಿನ ಹೆಸರೇನು ಎಂದು ಕೇಳಿದರೆ ಬರುವ ಉತ್ತರವು ನಮಗೆ ಸಮಾಧಾನ ಕೊಡುವುದಿಲ್ಲ. ‘ಸಕ್ಕರ್’, ‘ಟ್ಯಾಂಕ್ ಕ್ಲೀನರ್’, ‘ಶಾರ್ಕ್’ ಎಂದು ಅಂಗಡಿಯವರು ಹೇಳಿದ ಹೆಸರನ್ನೇ ಹುಡುಗರು ಹೇಳುತ್ತಾರೆ. ಅಷ್ಟರಿಂದ ತೃಪ್ತರಾಗದ ಕೆಲವರು ದೂರವಾಣಿಯಲ್ಲಿ ಮೀನಿನ ಚಿತ್ರ ತೆಗೆದು, ಯಂತ್ರವು ತೋರಿಸಿದ ಲ್ಯಾಟಿನ್ ಹೆಸರನ್ನು ಉರುಹೊಡೆದು ಒಪ್ಪಿಸುತ್ತಾರೆ. ಈ ಎರಡು ಬಗೆಯ ಉತ್ತರಗಳಲ್ಲಿಯೂ ಒಂದೇ ಕೊರತೆಯಿದೆ. ಹೇಳಿದವನು ಮೀನನ್ನು ನೋಡಿಲ್ಲ.

ಒಂದು ಪ್ರಾಣಿಯನ್ನು ಗುರುತಿಸುವುದು ಹೆಸರನ್ನು ಬಾಯಿಪಾಠ ಮಾಡುವ ಕೆಲಸವಲ್ಲ. ಅದು ಎಣಿಸುವ, ಅಳೆಯುವ, ಹೋಲಿಸುವ ಕೆಲಸ. ಆದುದರಿಂದ ಭೌತಶಾಸ್ತ್ರವನ್ನು ಕಲಿಸುವ ನಾವು ಮೀನಿನ ವಿಷಯವನ್ನು ಎತ್ತಿಕೊಂಡುದಕ್ಕೆ ವಾಚಕರು ಆಶ್ಚರ್ಯಪಡಬೇಕಾಗಿಲ್ಲ. ಈ ಕೆಲಸವನ್ನು ನಮ್ಮ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಕಲಿಯಬೇಕು, ಮತ್ತು ಕಲಿಯದಿದ್ದರೆ ಅದರ ನಷ್ಟ ನಮ್ಮ ಕೆರೆ ಹಳ್ಳಗಳಿಗೆ ತಟ್ಟುತ್ತದೆ ಎಂಬುದೇ ಈ ಲೇಖನದಲ್ಲಿ ನಾವು ಪ್ರತಿಪಾದಿಸಬಯಸುವ ಸಂಗತಿ.

ಮೊದಲು ಅಂಗಡಿಯ ಹೆಸರುಗಳನ್ನು ಪರೀಕ್ಷಿಸೋಣ. ‘ಶಾರ್ಕ್’ ಎಂದು ಮಾರಲಾಗುವ ಬೆಳ್ಳಿಬಣ್ಣದ ಪುಟ್ಟ ಮೀನು ಶಾರ್ಕ್ ಅಲ್ಲವೇ ಅಲ್ಲ. ಅದು ಆಗ್ನೇಯ ಏಷ್ಯದ ಮೆಕಾಂಗ್ ಮೊದಲಾದ ನದಿಗಳ ಮೀಸೆಮೀನು. ವಿಜ್ಞಾನದಲ್ಲಿ ಅದರ ಹೆಸರು ಪಂಗಾಸಿಯಾನೊಡಾನ್ ಹೈಪೊಫ್ತಾಲ್ಮಸ್. ಬಾಯಿಯ ಬಳಿ ಎರಡು ಜೊತೆ ಮೀಸೆಗಳಿರುವುದನ್ನು ನೋಡಿದವರಿಗೆ ಈ ಮೋಸವು ಕ್ಷಣದಲ್ಲಿ ತಿಳಿಯುತ್ತದೆ. ತೊಟ್ಟಿಯಲ್ಲಿ ಬೆರಳುದ್ದವಿರುವ ಈ ಮೀನು ನದಿಯಲ್ಲಿ ಒಂದು ಮೀಟರಿಗೂ ಮೀರಿ ಬೆಳೆಯಬಲ್ಲುದು. ಆಂಧ್ರದ ಕೊಳಗಳಲ್ಲಿ ಇದನ್ನೇ ಆಹಾರಕ್ಕಾಗಿ ಸಾಕುತ್ತಾರೆ. ಒಂದೇ ಮೀನು ಒಂದು ಅಂಗಡಿಯಲ್ಲಿ ಅಲಂಕಾರದ ವಸ್ತು, ಇನ್ನೊಂದು ಅಂಗಡಿಯಲ್ಲಿ ಊಟದ ವಸ್ತು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಮೀನಿನಂಗಡಿಯಲ್ಲಿಯೂ ನೆನೆಯಬೇಕಾಗುತ್ತದೆ.

ಮೀಸೆಮೀನುಗಳ ಗಣವು ಬಹು ದೊಡ್ಡದು. ಇದುವರೆಗೆ ವಿವರಿಸಲ್ಪಟ್ಟ ಪ್ರಭೇದಗಳೇ ಸುಮಾರು 4,000. ಅವುಗಳಲ್ಲಿ ಸುಮಾರು 1,000 ಪ್ರಭೇದಗಳು ‘ಲೋರಿಕ್ಯಾರಿಡೇ’ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಇವುಗಳ ತವರು ದಕ್ಷಿಣ ಅಮೆರಿಕ ಮತ್ತು ಅದಕ್ಕೆ ಹೊಂದಿದ ಮಧ್ಯ ಅಮೆರಿಕದ ಭಾಗ. ನಮ್ಮ ತೊಟ್ಟಿಗಳ ಗಾಜಿಗೆ ಬಾಯಿ ಕಚ್ಚಿ ಅಂಟಿಕೊಂಡು ಪಾಚಿಯನ್ನು ಕೆರೆಯುವ, ಮೈಮೇಲೆ ಎಲುಬಿನ ಫಲಕಗಳ ಕವಚವನ್ನು ತೊಟ್ಟ, ಕಂದುಬಣ್ಣದ ‘ಸಕ್ಕರ್’ ಮೀನು ಈ ಕುಟುಂಬದ್ದು. ಹವ್ಯಾಸಿಗಳು ಇದನ್ನು ‘ಪ್ಲೆಕೋಸ್ಟೋಮಸ್’ ಎಂದೂ, ಚಿಕ್ಕದಾಗಿ ‘ಪ್ಲೆಕೊ’ ಎಂದೂ ಕರೆಯುತ್ತಾರೆ. ಈ ಹೆಸರಿಗೆ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. 1758ರಲ್ಲಿ ಲಿನ್ನೇಯಸನು ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರನ್ನು ಕೊಡುವ ಪದ್ಧತಿಯನ್ನು ಜಾರಿಗೆ ತಂದಾಗ ಈ ಕುಟುಂಬದ ಒಂದು ಮೀನನ್ನು ‘ಅಸಿಪೆನ್ಸರ್ ಪ್ಲೆಕೋಸ್ಟೋಮಸ್’ ಎಂದು ಹೆಸರಿಸಿದನು. ಅಸಿಪೆನ್ಸರ್ ಎಂದರೆ ಯುರೋಪಿನ ಸ್ಟರ್ಜನ್ ಮೀನಿನ ಜಾತಿ. ಸ್ಟರ್ಜನ್ನಿಗೂ ಮೈಮೇಲೆ ಎಲುಬಿನ ಫಲಕಗಳಿವೆ, ಬಾಯಿ ತಲೆಯ ಕೆಳಗಡೆ ಇದೆ; ಆದರೆ ಇವೆರಡಕ್ಕೂ ಹತ್ತಿರದ ನಂಟಿಲ್ಲ. ವರ್ಗೀಕರಣಶಾಸ್ತ್ರದ ಪಿತಾಮಹನನ್ನೇ ಹೊರನೋಟದ ಹೋಲಿಕೆಯು ದಾರಿ ತಪ್ಪಿಸಿತೆಂದ ಮೇಲೆ, ಒಂದು ಚಿತ್ರವನ್ನು ನೋಡಿ ಹೆಸರು ಹೇಳುವ ಯಂತ್ರದ ಮಾತನ್ನು ನಾವು ಎಷ್ಟು ನಂಬಬಹುದು? ಯಂತ್ರವು ಕೊಟ್ಟ ಹೆಸರು ವಿಚಾರಣೆಯ ಆರಂಭವಾಗಬೇಕು, ತೀರ್ಪಾಗಬಾರದು.

ಹಾಗಾದರೆ ವಿಚಾರಣೆಯನ್ನು ನಡೆಸುವುದು ಹೇಗೆ? ಮೊರಬದ ಒಂದು ಮನೆಯ ತೊಟ್ಟಿಯಲ್ಲಿ ಇಂತಹ ವಿಚಿತ್ರ ಮೀನೊಂದು ಇದೆಯೆಂದು ಇಟ್ಟುಕೊಳ್ಳೋಣ. ಮೊದಲ ಹೆಜ್ಜೆ ಕುಟುಂಬವನ್ನು ನಿರ್ಣಯಿಸುವುದು. ಬಾಯಿ ತಲೆಯ ಕೆಳಭಾಗದಲ್ಲಿದ್ದು ದುಂಡನೆಯ ಹೀರುತಟ್ಟೆಯಂತಿದೆಯೆ? ಬಾಯಿಯ ಎರಡು ಮೂಲೆಗಳಲ್ಲಿ ಒಂದು ಜೊತೆ ಚಿಕ್ಕ ಮೀಸೆಗಳಿವೆಯೆ? ಮೈಯ ಪಕ್ಕದಲ್ಲಿ ಎಲುಬಿನ ಫಲಕಗಳು ಸಾಲುಸಾಲಾಗಿ ಜೋಡಣೆಗೊಂಡಿವೆಯೆ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ಲೋರಿಕ್ಯಾರಿಡೇ ಕುಟುಂಬದ್ದು.

ಎರಡನೆಯ ಹೆಜ್ಜೆ ಜಾತಿಯನ್ನು ನಿರ್ಣಯಿಸುವುದು. ಇಲ್ಲಿ ಎಣಿಕೆ ಬೇಕು. ಮೀನು ತನ್ನ ಬೆನ್ನಿನ ಈಜುರೆಕ್ಕೆಯನ್ನು ಬಿಚ್ಚುವವರೆಗೆ ಕಾದಿದ್ದು, ಮುಂದಿನ ಗಟ್ಟಿ ಮುಳ್ಳನ್ನು ಬಿಟ್ಟು ಅದರ ಹಿಂದಿನ ಮೃದುವಾದ ಕಡ್ಡಿಗಳನ್ನು ಎಣಿಸಬೇಕು. ನಿಜವಾದ ಪ್ಲೆಕೋಸ್ಟೋಮಸ್ ಸೇರಿದ ಹೈಪೋಸ್ಟೋಮಸ್ ಜಾತಿಯಲ್ಲಿ ಇವು ಸಾಮಾನ್ಯವಾಗಿ 7. ಹತ್ತು ಅಥವಾ ಅದಕ್ಕೂ ಹೆಚ್ಚು ಇದ್ದರೆ ಅದು ಹಾಯಿಯಂತಹ ದೊಡ್ಡ ರೆಕ್ಕೆಯುಳ್ಳ ‘ಟೆರಿಗೊಪ್ಲಿಕ್ತಿಸ್’ ಜಾತಿ ಎಂದು ಹೇಳಬಹುದು. ಭಾರತದ ಅಂಗಡಿಗಳಲ್ಲಿ ಪ್ಲೆಕೋಸ್ಟೋಮಸ್ ಎಂದು ಮಾರುವ ಮೀನುಗಳನ್ನು ಹೀಗೆ ಎಣಿಸಿ ನೋಡಿದವರಿಗೆ ಆಗಾಗ ಸಿಕ್ಕುವುದು ಈ ಎರಡನೆಯ ಉತ್ತರವೇ. ನೋಡಿರಿ, ಏಳೋ ಹತ್ತೋ ಎಂಬ ಒಂದು ಸಣ್ಣ ಎಣಿಕೆಯು ಅಂಗಡಿಯ ಹೆಸರನ್ನು ಸುಳ್ಳು ಮಾಡಿಬಿಡುತ್ತದೆ.

ಮೂರನೆಯ ಹೆಜ್ಜೆ ಪ್ರಭೇದದ್ದು. ಇದಕ್ಕೆ ಹೊಟ್ಟೆಯ ಭಾಗದ ಚಿತ್ತಾರವನ್ನು ನೋಡಬೇಕು. ಮೀನನ್ನು ಹಿಡಿದು ಮಗುಚುವ ಅಗತ್ಯವಿಲ್ಲ. ಅದು ತಾನಾಗಿಯೇ ಗಾಜಿಗೆ ಅಂಟಿಕೊಂಡು ಹೊಟ್ಟೆಯನ್ನು ತೋರಿಸುತ್ತದೆ. ತಿಳಿಬಣ್ಣದ ಮೇಲೆ ಕಪ್ಪು ಚುಕ್ಕೆಗಳು ಒಂದಕ್ಕೊಂದು ಸೇರದೆ ಬಿಡಿಬಿಡಿಯಾಗಿದ್ದರೆ ಅದು ಅಮೆಜಾನ್ ಪ್ರದೇಶದ ‘ಪಾರ್ಡಾಲಿಸ್’ ಆಗಿರಬಹುದು. ಚುಕ್ಕೆಗಳು ಕೂಡಿಕೊಂಡು ಹುಳು ಹರಿದಂತಹ ಗೆರೆಗಳಾಗಿದ್ದರೆ ಅಮೆಜಾನಿನ ಉಪನದಿಯಾದ ಮದೈರಾದ ‘ಡಿಸ್‌ಜಂಕ್ಟಿವಸ್’ ಆಗಿರಬಹುದು. ಮೊದಲನೆಯದಕ್ಕೆ ಹೆಸರು ಬಂದುದು 1855ರಲ್ಲಿ, ಎರಡನೆಯದಕ್ಕೆ 1991ರಲ್ಲಿ. ಎಂದರೆ ಎರಡನೆಯ ಪ್ರಭೇದವು ಬೇರೆಯೆಂದು ವಿಜ್ಞಾನಕ್ಕೆ ತಿಳಿದದ್ದೇ ನಿನ್ನೆ ಮೊನ್ನೆ.

ಇಲ್ಲಿಗೆ ವಿಚಾರಣೆ ಮುಗಿಯಿತೆನ್ನುವಂತಿಲ್ಲ. ತವರಿನಿಂದ ಹೊರಗೆ, ಬೇರೆ ದೇಶಗಳ ನೀರಿನಲ್ಲಿ ನೆಲೆಸಿದ ಈ ಮೀನುಗಳಲ್ಲಿ ಹೊಟ್ಟೆಯ ಅರ್ಧ ಭಾಗ ಚುಕ್ಕೆ, ಇನ್ನರ್ಧ ಗೆರೆ ಎಂಬಂತಹ ನಡುತರದವು ಬಹಳ ಕಂಡುಬಂದಿವೆ. ಇವು ಎರಡು ಪ್ರಭೇದಗಳ ಮಿಶ್ರ ಸಂತಾನವಾಗಿರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ಜೀವಕೋಶದ ಡಿ.ಎನ್.ಎ. ಪರೀಕ್ಷೆಯಿಂದ ಎಲ್ಲವೂ ಇತ್ಯರ್ಥವಾಗುತ್ತದೆಂದು ವಿದ್ಯಾರ್ಥಿಗಳು ನಂಬುವುದುಂಟು. ಆದರೆ ಪ್ರಾಣಿಗಳನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವ ಡಿ.ಎನ್.ಎ. ತುಣುಕು ಮೈಟೋಕಾಂಡ್ರಿಯದ್ದು, ಅದು ತಾಯಿಯಿಂದ ಮಾತ್ರ ಬರುವಂಥದು. ತಂದೆ ಬೇರೆ ಪ್ರಭೇದದವನಾಗಿದ್ದರೆ ಆ ಪರೀಕ್ಷೆಗೆ ಅದು ಕಾಣುವುದಿಲ್ಲ. ಆದುದರಿಂದ ಇಂತಹ ಮೀನನ್ನು ಕುರಿತು ‘ಟೆರಿಗೊಪ್ಲಿಕ್ತಿಸ್ ಜಾತಿ, ಪ್ರಭೇದ ನಿರ್ಣಯವಾಗಿಲ್ಲ’ ಎಂದು ಬರೆಯುವುದೇ ಸತ್ಯವಾದ ಉತ್ತರ.

ಇದನ್ನು ಸೋಲೆಂದು ತಿಳಿಯಬಾರದು. ಪ್ರಯೋಗಶಾಲೆಯಲ್ಲಿ ಗ್ರಾಮಿನವರೆಗೆ ಮಾತ್ರ ತೂಗಬಲ್ಲ ತಕ್ಕಡಿಯನ್ನು ಹಿಡಿದು ಮಿಲಿಗ್ರಾಮಿನ ಅಂಕಿಯನ್ನು ಬರೆಯುವ ವಿದ್ಯಾರ್ಥಿಗೆ ನಾವು ಅಂಕಗಳನ್ನು ಕಳೆಯುತ್ತೇವೆ. ಅಳತೆ ಎಷ್ಟು ನಂಬಿಕೆಗೆ ಅರ್ಹವೋ ಅಷ್ಟನ್ನೇ ಹೇಳಬೇಕೆಂಬುದು ವಿಜ್ಞಾನದ ಮೊದಲನೆಯ ನೀತಿ. ಜಾತಿಯವರೆಗೆ ಮಾತ್ರ ಸಾಕ್ಷ್ಯವಿರುವಾಗ ಪ್ರಭೇದದ ಹೆಸರನ್ನು ಘೋಷಿಸುವುದು ಆ ಮಿಲಿಗ್ರಾಮಿನ ಅಂಕಿಯಂತೆಯೇ ಸರಿ. ಜರ್ಮನಿಯ ಹವ್ಯಾಸಿಗಳ ಒಂದು ಪತ್ರಿಕೆಯು ಈ ಸತ್ಯವನ್ನು ಮನಗಂಡು 1988ರಲ್ಲಿ ಒಂದು ಸೊಗಸಾದ ಕ್ರಮವನ್ನು ಆರಂಭಿಸಿತು. ಇನ್ನೂ ಹೆಸರಿಲ್ಲದ ಲೋರಿಕ್ಯಾರಿಡೇ ಮೀನುಗಳಿಗೆ ‘ಎಲ್’ ಅಕ್ಷರದ ಮುಂದೆ ಒಂದು ಕ್ರಮಸಂಖ್ಯೆಯನ್ನು ಕೊಟ್ಟು, ಚಿತ್ರದೊಡನೆ ಪ್ರಕಟಿಸುತ್ತ ಬಂದಿತು. ಕಪ್ಪು ಬಿಳುಪು ಪಟ್ಟೆಗಳ ಒಂದು ಚೆಲುವಾದ ಮೀನು ‘ಎಲ್ 46’ ಎಂಬ ಸಂಖ್ಯೆಯಿಂದ ಪ್ರಸಿದ್ಧವಾಯಿತು. 1991ರಲ್ಲಿ ಅದಕ್ಕೆ ‘ಹೈಪಾನ್ಸಿಸ್ಟ್ರಸ್ ಜೀಬ್ರಾ’ ಎಂಬ ಹೆಸರು ದೊರೆಯಿತು. ತಿಳಿಯದುದನ್ನು ತಿಳಿಯದೆಂದು ಒಪ್ಪಿ, ಆದರೂ ಅದನ್ನು ಕ್ರಮವಾಗಿ ದಾಖಲಿಸುವ ಈ ರೀತಿಯು ಅನುಕರಣೀಯವಾದುದು.

‘ಹೆಸರು ಯಾವುದಾದರೇನು, ಮೀನು ಮೀನೇ ಅಲ್ಲವೆ?’ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಕ್ಕೆ ಉತ್ತರವನ್ನು ಮಾಗೂರ್ ಮೀನಿನ ಕಥೆಯೇ ಕೊಡುತ್ತದೆ. ಟೀಪುವಿನ ಪತನದ ತರುವಾಯ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ ಅಲ್ಲಿಯ ಬೇಸಾಯ ಜನಜೀವನಗಳನ್ನು ವರ್ಣಿಸಿದ ಫ್ರಾನ್ಸಿಸ್ ಬುಕಾನನ್ನನ ಹೆಸರನ್ನು ಚರಿತ್ರೆಯ ವಿದ್ಯಾರ್ಥಿಗಳು ಕೇಳಿರುತ್ತಾರೆ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ ಇವನೇ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ರೋಹು, ಕಾಟ್ಲಾ, ಮಾಗೂರ್ ಮೊದಲಾದವುಗಳ ವೈಜ್ಞಾನಿಕ ಹೆಸರುಗಳಲ್ಲಿ ಜನರ ಮಾತಿನ ಹೆಸರುಗಳನ್ನೇ ಉಳಿಸಿಕೊಂಡುದು ಇವನ ಹಿರಿಮೆ. ಆದರೆ ಮಾಗೂರನ್ನು ಅನಂತರದ ವಿದ್ವಾಂಸರು ಲಿನ್ನೇಯಸನು ಹೆಸರಿಸಿದ್ದ ‘ಕ್ಲಾರಿಯಸ್ ಬಟ್ರಾಕಸ್’ನೊಡನೆ ಒಂದುಗೂಡಿಸಿದರು. ಬಟ್ರಾಕಸ್ ಎಂಬ ಹೆಸರು ಜಾವಾದ್ವೀಪದ ಮೀನಿಗೆ ಸಲ್ಲುತ್ತದೆಂದು 2008ರಲ್ಲಿ ಸ್ಥಿರಪಟ್ಟಿತು. ಅಲ್ಲಿಯವರೆಗೆ ನಮ್ಮ ಪಠ್ಯಪುಸ್ತಕಗಳು ಭಾರತದ ಮೀನನ್ನು ಬೇರೊಂದು ದೇಶದ ಮೀನಿನ ಹೆಸರಿನಿಂದಲೇ ಕರೆಯುತ್ತಿದ್ದವು.

ಇದು ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ಮಾಗೂರಿನ ದಾಯಾದಿಯಾದ ಆಫ್ರಿಕದ ‘ಕ್ಲಾರಿಯಸ್ ಗಾರಿಪೈನಸ್’ ಭಾರತಕ್ಕೆ ಬಂದು, ಬೇಗ ಬೆಳೆಯುತ್ತದೆಂಬ ಕಾರಣಕ್ಕೆ ಕೊಳಗಳಲ್ಲಿ ಹರಡಿತು. ಸಿಕ್ಕಿದ ಮೀನುಗಳನ್ನೆಲ್ಲ ತಿಂದುಹಾಕುವ ಅದರ ಸಾಕಣೆಯನ್ನು ಸರಕಾರವು 2000ದಲ್ಲಿ ನಿಷೇಧಿಸಿತು. ಆದರೂ ಅದು ಮಾಗೂರಿನ ಹೆಸರಿನಲ್ಲಿಯೇ ಮಾರಾಟವಾಗುತ್ತ ಬಂದಿದೆ. ಇತ್ತ ನಮ್ಮ ನಿಜವಾದ ಮಾಗೂರು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಯನ್ನು ಸೇರಿದೆ. ಕಾಯಿದೆಯು ಪ್ರಭೇದದ ಹೆಸರನ್ನು ಹಿಡಿದು ಬರೆಯಲ್ಪಡುತ್ತದೆ. ಸಂತೆಯಲ್ಲಿ, ಕೊಳದ ದಂಡೆಯಲ್ಲಿ ಆ ಪ್ರಭೇದವನ್ನು ಗುರುತಿಸುವ ಕಣ್ಣುಗಳಿಲ್ಲದಿದ್ದರೆ ಕಾಯಿದೆಯು ಕಾಗದದಲ್ಲಿಯೇ ಉಳಿಯುತ್ತದೆ. ಅಷ್ಟೇ ಅಲ್ಲ, ತಪ್ಪಾಗಿ ಗುರುತಿಸಿದರೆ ಕಾಪಾಡಬೇಕಾದ ಮೀನನ್ನೇ ಕೊಲ್ಲುವ ಅಪಾಯವೂ ಇದೆ. ತಲೆಯ ಹಿಂಭಾಗದ ಎಲುಬಿನ ಆಕಾರ, ಅಲ್ಲಿಂದ ಬೆನ್ನಿನ ರೆಕ್ಕೆಯ ಮೊದಲಿನವರೆಗೆ ಇರುವ ಅಂತರ ಇವುಗಳನ್ನು ಅಳೆದು ನೋಡುವ ಅಭ್ಯಾಸವಿದ್ದವರಿಗೆ ಮಾತ್ರ ಇವೆರಡರ ಭೇದ ತಿಳಿಯುತ್ತದೆ.

ಸಕ್ಕರ್ ಮೀನಿನ ವಿಷಯದಲ್ಲಿ ಅಪಾಯವು ಇನ್ನೂ ಮನೆಯ ಹತ್ತಿರದ್ದು. ಐದು ಸೆಂಟಿಮೀಟರಿನ ಮರಿಯಾಗಿ ಮನೆಗೆ ಬಂದ ಟೆರಿಗೊಪ್ಲಿಕ್ತಿಸ್ ನಲವತ್ತು ಸೆಂಟಿಮೀಟರಿನಷ್ಟು ಬೆಳೆದು, ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬದುಕಬಲ್ಲುದು. ತೊಟ್ಟಿಯಲ್ಲಿ ಇರಿಸಿಕೊಳ್ಳಲಾಗದೆ, ಕೊಲ್ಲಲು ಮನಸ್ಸೂ ಬಾರದೆ, ಯಜಮಾನನು ಅದನ್ನು ಊರ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆನೆಂದು ಭಾವಿಸುತ್ತಾನೆ. ಕೆರೆಯಲ್ಲಿ ಅದಕ್ಕೆ ಸಾವು ಸುಲಭವಾಗಿ ಬರುವುದಿಲ್ಲ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿಯನ್ನು ನುಂಗಿ, ಜಠರದ ಗೋಡೆಯ ಮೂಲಕ ಉಸಿರಾಡುತ್ತದೆ. ಮೈಮೇಲಿನ ಕವಚವೂ ಮುಳ್ಳುಗಳೂ ಅದನ್ನು ಶತ್ರುಗಳಿಂದ ಕಾಯುತ್ತವೆ. ಮೊಟ್ಟೆಯಿಡಲು ಅದು ದಂಡೆಯ ಮಣ್ಣಿನಲ್ಲಿ ಉದ್ದನೆಯ ಬಿಲಗಳನ್ನು ಕೊರೆಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಇದರಿಂದ ದಂಡೆಗಳು ಕುಸಿದದ್ದುಂಟು. ಮೆಕ್ಸಿಕೊ ದೇಶದ ಇನ್‌ಫಿಯರ್ನಿಯೊ ಎಂಬ ಜಲಾಶಯದಲ್ಲಿ ಬೆಸ್ತರ ಬಲೆಗಳಿಗೆ ತಿಲಾಪಿಯಾ ಮೀನಿನ ಬದಲು ಇವೇ ಬಂದು ಬೀಳತೊಡಗಿ ಅವರ ಜೀವನಕ್ಕೆ ಸಂಚಕಾರ ಬಂದಿತು. ನಮ್ಮ ದೇಶದಲ್ಲಿಯೂ ಕೇರಳ, ತಮಿಳುನಾಡು, ಆಂಧ್ರ, ಪಶ್ಚಿಮ ಬಂಗಾಳಗಳ ನೀರಿನಲ್ಲಿ ಇವು ಕಂಡುಬಂದಿವೆ; 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿಯೂ ಸಿಕ್ಕಿದವು.

ಈಗ ನವಲಗುಂದ ತಾಲೂಕಿನ ನೆಲವನ್ನು ನೆನಪಿಗೆ ತಂದುಕೊಳ್ಳಿರಿ. ಇದು ಎರೆಭೂಮಿ. ಅಂತರ್ಜಲವು ಸವುಳಾಗಿರುವ ಇಲ್ಲಿಯ ಅನೇಕ ಊರುಗಳಿಗೆ ಕೆರೆಯ ನೀರೇ ಕುಡಿಯುವ ನೀರು. ಬೇಸಿಗೆಯಲ್ಲಿ ಬಿರುಕು ಬಿಡುವ ಕರಿಮಣ್ಣಿನ ಏರಿಯಲ್ಲಿ ಬಿಲ ಕೊರೆಯುವ ಮೀನೊಂದು ನೆಲೆಸಿದರೆ ಆಗಬಹುದಾದುದನ್ನು ರೈತರ ಮಕ್ಕಳಿಗೆ ನಾವು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ತುಪ್ಪರಿಹಳ್ಳ ಬೆಣ್ಣೆಹಳ್ಳಗಳು ಉಕ್ಕಿ ಹೊಲಗಳನ್ನು ಮುಳುಗಿಸುವುದನ್ನು ನಾವೆಲ್ಲ ಕಂಡವರೇ. ಬೆಣ್ಣೆಹಳ್ಳವು ಮಲಪ್ರಭೆಯನ್ನು ಸೇರುತ್ತದೆ. ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಒಂದು ಹಳ್ಳಿಯ ಕೆರೆಗೆ ಬಿಟ್ಟ ಮೀನು ಆ ಹಳ್ಳಿಯಲ್ಲಿಯೇ ಉಳಿಯುವುದೆಂದು ಯಾರೂ ಭರವಸೆ ಕೊಡಲಾರರು.

ಆ ನೀರಿನಲ್ಲಿ ಕಾಪಾಡಬೇಕಾದ ಸಂಪತ್ತೂ ಇದೆ. ಕೃಷ್ಣೆಯ ಉಪನದಿಯಾದ ಪಂಚಗಂಗೆಯಲ್ಲಿ, ಕೊಲ್ಹಾಪುರದ ಬಳಿ, ದೊರೆತ ಒಂದು ಮೀಸೆಮೀನನ್ನು 1952ರಲ್ಲಿ ಕುಲಕರ್ಣಿ ಎಂಬ ವಿಜ್ಞಾನಿ ವಿವರಿಸಿ ‘ಖವಲಚೋರ್’ ಎಂದು ಹೆಸರಿಟ್ಟರು. ಮರಾಠಿಯಲ್ಲಿ ಇದಕ್ಕೆ ಹುರುಪೆಗಳ್ಳ ಎಂದರ್ಥ. ಬೇರೆ ಮೀನುಗಳ ಮೈಮೇಲಿನ ಹುರುಪೆಗಳನ್ನು ಕಿತ್ತು ತಿನ್ನುವುದೇ ಅದರ ಕಸುಬು! ಇಂತಹ ಅದ್ಭುತ ಪ್ರಾಣಿ ಕೃಷ್ಣೆಯ ಬಳಗದ ನೀರಿನಲ್ಲಿದೆಯೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಅಮೆಜಾನಿನ ಮೀನಿನ ಹೆಸರು ಗೊತ್ತಿದ್ದು ಕೃಷ್ಣೆಯ ಮೀನಿನ ಹೆಸರು ಗೊತ್ತಿಲ್ಲದಿರುವುದು ವಿದ್ಯೆಯ ಲಕ್ಷಣವಲ್ಲ.

ಭೌತಶಾಸ್ತ್ರವನ್ನು ಬಿಟ್ಟರೆ ಉಳಿದ ವಿಜ್ಞಾನವೆಲ್ಲ ಅಂಚೆಚೀಟಿಗಳ ಸಂಗ್ರಹದಂತೆ ಎಂದು ರುದರ್‌ಫೋರ್ಡರು ಹೇಳಿದರೆಂಬ ಪ್ರತೀತಿಯಿದೆ. ಅವರಿಗೆ 1908ರಲ್ಲಿ ನೊಬೆಲ್ ಪಾರಿತೋಷಕ ಬಂದುದು ರಸಾಯನಶಾಸ್ತ್ರದಲ್ಲಿ ಎಂಬುದು ಈ ಮಾತಿಗೆ ತಕ್ಕ ವಿನೋದ. ಆದರೆ ನಮ್ಮ ಶಾಸ್ತ್ರದ ಚರಿತ್ರೆಯೇ ಆ ಮಾತನ್ನು ಅಲ್ಲಗಳೆಯುತ್ತದೆ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆನಿ ಜಂಪ್ ಕ್ಯಾನನ್ ಎಂಬಾಕೆ ಎರಡು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ವರ್ಣಪಟಲಗಳನ್ನು ಒಂದೊಂದಾಗಿ ನೋಡಿ ವರ್ಗಗಳಾಗಿ ವಿಂಗಡಿಸಿದರು. ಆ ವರ್ಗಗಳು ಏಕೆ ಹಾಗಿವೆ ಎಂಬುದನ್ನು 1920ರಲ್ಲಿ ತಮ್ಮ ಅಯಾನೀಕರಣ ಸಮೀಕರಣದಿಂದ ವಿವರಿಸಿದವರು ನಮ್ಮ ಮೇಘನಾದ ಸಹಾ. ವಿಂಗಡಣೆಯಿಲ್ಲದಿದ್ದರೆ ಸಮೀಕರಣಕ್ಕೆ ವಿವರಿಸಲು ಏನೂ ಇರುತ್ತಿರಲಿಲ್ಲ. ತಾಳ್ಮೆಯಿಂದ ನೋಡಿ ಬೇರ್ಪಡಿಸುವವರು ಮೊದಲು ಬರಬೇಕು. ಕಾರಣ ಹೇಳುವವರು ಆಮೇಲೆ ಬರುತ್ತಾರೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ತನ್ನ ಸುತ್ತಿನ ಐದಾರು ಮೈಲಿಗಳ ಕೆರೆ ಹಳ್ಳಗಳ ಮೀನುಗಳಿಗಾಗಿ ಒಂದು ದಾಖಲೆಯ ಪುಸ್ತಕವನ್ನು ಇಡಲಿ. ಮೀನು ಸಿಕ್ಕ ಸ್ಥಳ, ದಿನಾಂಕ, ಉದ್ದ, ಮೀಸೆಗಳ ಜೊತೆಗಳು, ಬೆನ್ನಿನ ರೆಕ್ಕೆಯ ಕಡ್ಡಿಗಳ ಸಂಖ್ಯೆ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದ ಚಿತ್ರ, ಬೆಸ್ತರು ಹೇಳುವ ಹೆಸರು ಇವುಗಳನ್ನು ಅದರಲ್ಲಿ ಬರೆಯಲಿ. ಹೆಸರು ತಿಳಿಯದಿದ್ದರೆ ಒಂದು ಸಂಖ್ಯೆಯನ್ನು ಕೊಟ್ಟು ಮುಂದೆ ಸಾಗಲಿ. ಸ್ಥಳವನ್ನೂ ದಿನಾಂಕವನ್ನೂ ಬರೆಯದ ಚಿತ್ರವು ಎಷ್ಟು ಅಂದವಾಗಿದ್ದರೂ ವಿಜ್ಞಾನಕ್ಕೆ ನಿಷ್ಪ್ರಯೋಜಕವೆಂಬುದನ್ನು ಮರೆಯಬಾರದು. ಸಂದೇಹ ಬಂದ ಮೀನುಗಳ ವಿವರವನ್ನು ಹತ್ತಿರದ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಬರೆದು ಕೇಳಬಹುದು. ಮೀಸೆಮೀನುಗಳ ಎದೆಯ ರೆಕ್ಕೆಯ ಮುಳ್ಳು ಕೈಗೆ ಚುಚ್ಚಿದರೆ ನೋವು ಬಹಳ. ಕೆಲವು ಪ್ರಭೇದಗಳ ಮುಳ್ಳಿನಲ್ಲಿ ವಿಷವೂ ಇದೆ. ಆದುದರಿಂದ ಬರಿಗೈಯಿಂದ ಹಿಡಿಯದೆ ಗಾಜಿನ ಪಾತ್ರೆಯಲ್ಲಿಟ್ಟು ನೋಡುವುದು ಕ್ಷೇಮ.

ತೊಟ್ಟಿಯ ಮೀನಿಗೆ ಸಂಬಂಧಿಸಿದಂತೆ ನಿಯಮ ಒಂದೇ: ಹೆಸರು ತಿಳಿದಿರಲಿ, ತಿಳಿಯದಿರಲಿ, ಕೊಂಡು ತಂದ ಮೀನನ್ನು ಕೆರೆಗಾಗಲಿ ಹಳ್ಳಕ್ಕಾಗಲಿ ಬಾವಿಗಾಗಲಿ ಬಿಡಕೂಡದು. ಸಾಕಲು ಆಗದಿದ್ದರೆ ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೆ ದೊಡ್ಡ ತೊಟ್ಟಿಯುಳ್ಳ ಇನ್ನೊಬ್ಬರಿಗೆ ಕೊಡಬೇಕು. ಕೊಳ್ಳುವ ಮುನ್ನವೇ ‘ಇದು ಎಷ್ಟು ದೊಡ್ಡದಾಗುತ್ತದೆ?’ ಎಂಬ ಪ್ರಶ್ನೆಯನ್ನು ಕೇಳುವುದು ಎಲ್ಲಕ್ಕಿಂತ ಉತ್ತಮ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ವಿಜ್ಞಾನದ ಪದ್ಧತಿಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಸಾಧ್ಯವಿಲ್ಲ. ಅದನ್ನು ಕಲಿಯಲು ದೊಡ್ಡ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಒಂದು ಗಾಜಿನ ತೊಟ್ಟಿ, ಒಂದು ಅಳತೆಪಟ್ಟಿ, ಏಳರಿಂದ ಹದಿನಾಲ್ಕರವರೆಗೆ ತಪ್ಪಿಲ್ಲದೆ ಎಣಿಸುವ ಸಹನೆ ಇಷ್ಟಿದ್ದರೆ ಸಾಕು.